ನಮ್ಮ ಮನಿ ಮುಂದಿನ ಹಂಪ್ಸ್

ರಸ್ತೆ ಬದಿಗೆ ಮನಿ ಇದ್ದವರು ನಗಾಕ ಬ್ಯಾರೆ ಕಡೆ ಹೋಗೂದು ಬ್ಯಾಡ, ದಿನಾ ಒಂದಿಲ್ಲೊಂದು ಫಜೀತಿ ತಾನ ಬಾಗಲಕ್ಕ ಬರತೈತಿ. ನಾನು ಬಸ್ ಕಂಡಕ್ಟರ್ ಇದ್ದಾಂವ, ಮಂದಿ ಗದ್ದಲದಾಗ ಬಾಳೇವು ಮಾಡಿದಾಂವ. ರಿಟೈರ್ ಆದೆ, ಹೆಂಡತಿ ತೀರಿಕೊಂಡ್ಲು. ಈಗ ದಾಂಡೇಲಿ ಹೊರಗ ಹಳಿಯಾಳ ರಸ್ತಾದಾಗ ಮನಿ. ಹೊರಗ ಹಗಲೆಲ್ಲಾ ಗಾಡಿ ಸಪ್ಪಳ, ಒಳಗ ಊಟ ಆತೇನು ಅಂತ ಕೇಳವರಿಲ್ಲ.

ಯಾರ ಮನಿ ಮುಂದ?

ಕಬ್ಬಿನ ಲಾರಿ, ಕಾಡು ನೋಡಾಕ ಬರೂ ಮಂದಿ ಕಾರು, ಎಲ್ಲಾ ನಮ್ಮ ಮನಿಗಳ ಮುಂದ ದಿಕ್ಕೆಟ್ಟು ಓಡ್ತಾವ. ಬಾಜೂ ಮನಿ ಅಕ್ಕೋರು ಸಾಲಿಗೆ ಪಾಠಾ ಹೇಳಾಕ ಹೊಂಟಾಗ ಅವರ ಸ್ಕೂಟಿಗೆ ಒಂದು ಕಾರು ಸವರಿ ಹೋತು. ಹಂಪ್ಸ್ ಬೇಕ ಬೇಕು ಅಂತ ಎಲ್ಲಾರೂ ಗುಡಿಯಾಗ ಕೂಡಿದ್ವಿ.

"ಎಲ್ಲಿ ಹಾಕೂಣ್ರಿ?" ಅಂದ್ರು ಎಂಜಿನಿಯರ್ ಸಾಹೇಬ್ರು.

ಅಕ್ಕೋರು ಹಿಟ್ಟಿನ ಗಿರಣಿಯವರ ಮನಿ ತೋರಿಸಿದ್ರು. ಗಿರಣಿಯವರು ಅಕ್ಕೋರ ಮನಿ ತೋರಿಸಿದ್ರು. ಬ್ರೇಕ್ ಹಾಕೂ ಸಪ್ಪಳ ಇಬ್ಬರಿಗೂ ಬ್ಯಾಡ.

"ನಮ್ಮ ಮನಿ ಮುಂದ ಹಾಕ್ರಿ," ಅಂದೆ ನಾನು.

ಎಲ್ಲಾರೂ ಚಪ್ಪಾಳಿ ಹೊಡದ್ರು. "ಕಾಕಾ, ಊರಿನ ಸಲುವಾಗಿ ನಿದ್ದಿ ಬಿಟ್ರಿ," ಅಂತ ಗಿರಣಿಯವರು ಕಣ್ಣು ಒರಸಿಕೊಂಡ್ರು. ಎಲ್ಲೀ ತ್ಯಾಗ? ಗಾಡಿ ನಿಧಾನ ಆದ್ರ ಯಾರರ ಒಬ್ಬರು ನನ್ನ ಮಾರಿ ನೋಡಿ ಒಂದು ಮಾತಾಡ್ತಾರ ಅನ್ನೂದಷ್ಟ ನನ್ನ ಆಸೆ. ಬಂದ ಚಪ್ಪಾಳಿ ಯಾಕ ಬಿಡೂದು ಅಂತ ಸುಮ್ನ ಕೈ ಮುಗದೆ.

ತಗಡಿನ ಬೋರ್ಡು

ಹಂಪ್ಸ್ ಆತು, ಹಾರನ್ ಗದ್ದಲ ಹೆಚ್ಚಾತು. ಮುಂದಿನ ಗಾಡಿ ನಿಧಾನ ಆದ್ರ ಹಿಂದಿನಾಂವ ತಡಕೊಳ್ಳಾಂವಲ್ಲ. "ಇಲ್ಲಿ ಹಾರನ್ ಹಾಕಬೇಡಿ" ಅಂತ ಬೋರ್ಡು ಬರಸಾಕ ಕೊಟ್ಟರ, ಪೇಂಟರ್ ಅಕ್ಷರ ದೊಡ್ಡದು ಮಾಡಿ, ಜಾಗ ಸಾಲದ 'ನ್' ನುಂಗಿಬಿಟ್ಟಿದ್ದ. "ಇಲ್ಲಿ ಹಾರ ಹಾಕಬೇಡಿ."

ಹಂಪ್ಸ್ ಉದ್ಘಾಟನಿಗೆ ಒಬ್ಬ ಪುಢಾರಿ ಬಂದ್ರು. ಗಿರಣಿಯವರು ಹಾರ ಎತ್ತಿದ್ರು, ಇವರು ಕುತ್ತಿಗಿ ಚಾಚಿದ್ರು, ಅಷ್ಟರಾಗ ಬೋರ್ಡು ಕಣ್ಣಿಗೆ ಬಿತ್ತು. ಚಾಚಿದ ಕುತ್ತಿಗಿ ಹಿಂದಕ್ಕ ಹೋತು. ಓದಿದ್ರು, ವಿಚಾರ ಮಾಡಿದ್ರು. ಆಮ್ಯಾಲ ಹಂಪ್ಸ್ ದಾಟಿ ನಾಕು ಹೆಜ್ಜಿ ಆಚೆ ಹೋಗಿ ನಿಂತು, "ಇಲ್ಲಿ ಹಾಕಬಹುದಲ್ಲ?" ಅಂತ ಮತ್ತ ಕುತ್ತಿಗಿ ಚಾಚಿದ್ರು.

ಹೋಲ್ಡಾನ್

ಅಂದು ಎಲ್ಲಾರೂ ಚಾ ಕುಡದು ಹೋದ್ರು, ನನ್ನ ಹೊಸ್ತಿಲ ಯಾರೂ ದಾಟಲಿಲ್ಲ. ಗಾಡಿ ನಿಧಾನೇನೋ ಆದ್ವು, ಆದರ ಕಾರಿನ ಗಾಜು ಇಳೀಲಿಲ್ಲ. ನಾ ಕಟ್ಟಿ ಮ್ಯಾಲ ಕುಂತು ಅವರನ್ನ ನೋಡೂದು, ಅವರು ಮೊಬೈಲ್ ನೋಡೂದು. ಖರೇ ಹೇಳ್ತೇನಿ, ಮೊದಲಿಗಿಂತ ಹೆಚ್ಚು ಬ್ಯಾಸರಾತು.

ಒಂದಿನ ಮಧ್ಯಾಹ್ನ ಕುಂಬಾರವಾಡದ ಬಸ್ಸು ಹಂಪ್ಸ್ ಮ್ಯಾಲ ಹಗೂರಕ ಏರಿತು. ನನಗೇನಾತೋ, ಬಸ್ ನಿಲ್ಲಸಾಕ ಕಂಡಕ್ಟರು ಕೂಗೂ ಮಾತು ಬಾಯಿಂದ ತಾನ ಬಂತು. "ಹೋಲ್ಡಾನ್!" ಡ್ರೈವರ್ ಗಚ್ಚನ ನಿಲ್ಲಿಸಿದ. ಬಸ್ಸಿಗೆ ಬಸ್ಸ ನನ್ನ ಕಡೆ ತಿರಗಿ ನೋಡಿತು. ಒಬ್ಬಾಕಿ ಮುದುಕಿ ತನ್ನ ಊರು ಬಂತಂತ ಚೀಲ ಸಮೇತ ಇಳದ ಬಿಟ್ಲು.

"ಎಲ್ಲಿಗ್ರಿ ಅಜ್ಜಾರ?" ಕೇಳಿದ ಕಂಡಕ್ಟರ್.

ಎಲ್ಲಿಗೂ ಇಲ್ಲ, ಮಾತಾಡಸಾಕ ನಿಲ್ಲಿಸಿದೆ ಅನ್ನಾಕ ನಾಚಿಕಿ ಆತು. "ಕುಂಬಾರವಾಡ," ಅಂದು ಮುದುಕಿನ್ನ ಮತ್ತ ಹತ್ತಿಸಿ, ಮನಿ ಬಾಗಲಾ ಎಳಕೊಂಡು ನಾನೂ ಹತ್ತಿದೆ. ಕುಂಬಾರವಾಡದಾಗ ನನಗ ಯಾರೂ ಇಲ್ಲ, ಏನೂ ಕೆಲಸಿಲ್ಲ.

ಸೀಟು ಸಿಕ್ತು, ಆರಾಮಾಗಿ ಕಾಲು ಚಾಚಿ ಕುಂತೆ. ಆ ಮುದುಕಿ ನನ್ನ ಕಾಲು ತುಳದು, ಚೀಲ ನನ್ನ ತೊಡಿ ಮ್ಯಾಲ ಕುಕ್ಕಿ, "ಸರೀರಿ ಅತ್ಲಾಗ! ನೀವೊಬ್ಬರ ಇದ್ದೀರೇನು ಇಲ್ಲೆ?" ಅಂತ ಬೈದ್ಲು.

"ಇಲ್ಲವ್ವಾ, ಇಲ್ಲ," ಅಂದೆ. ಖುಷಿಗೆ ಎಷ್ಟು ಸರದೆ ಅಂದ್ರ, ಸೀಟಿನ ಆಚೆ ತುದಿಗೆ ಕುಂತಾಂವ ಕೆಳಗ ಬಿದ್ದ.