ದುರಗಪ್ಪನವರ ಗುರುತಿಗೊಂದು ಒಡಪು

ಕಂಪ್ಯೂಟರಿಗೆ ಕಣ್ಣಿಲ್ಲ ಎಂಬುದು ದುರಗಪ್ಪನವರಿಗೆ ಗೊತ್ತಿತ್ತು. ಮಾನ ಮರ್ಯಾದೆಯೂ ಇಲ್ಲ ಎಂಬುದು ಆ ದಿನ ಗೊತ್ತಾಯಿತು. ಬ್ಯಾಡಗಿಯ ಸರ್ಕಾರಿ ಕಚೇರಿಯೊಂದರಲ್ಲಿ ಕೂತು ಕೂತು ಕುರ್ಚಿ ಸವೆಸಿದ ಹಿರಿಯ ಗುಮಾಸ್ತರನ್ನು ಅದು, ಪಾಸ್‌ವರ್ಡ್ ಮೂರು ಸಲ ತಪ್ಪಿತೆಂಬ ಒಂದೇ ಕಾರಣಕ್ಕೆ, ಯಾರೋ ಕಳ್ಳನೆಂಬಂತೆ ಹೊರಗೆ ದಬ್ಬಿ ಬಾಗಿಲು ಜಡಿಯಿತು. ಸಂಜೆಯೊಳಗೆ ಮುದುಕರ ಪಿಂಚಣಿ ಅರ್ಜಿಗಳು ಹೋಗದಿದ್ದರೆ ನೋಟೀಸು ಖಂಡಿತ ಎಂದು ಮೇಲಧಿಕಾರಿ ಅರುಣಾ ಮೇಡಂ ಬೇರೆ ಹೇಳಿದ್ದರು.

“ಖಾತೇಲಿರೋ ನಂಬರಿಗೆ ಫೋನ್ ಮಾಡ್ತೀವಿ ಸರ್. ಎತ್ತಿದವರು ಖಾತೆದಾರರ ಹೆಸರು ಹೇಳಿದ್ರೆ ಲಾಕ್ ತೆಗೀತೀವಿ” ಎಂದಳು ಬೆಂಗಳೂರಿನ ಸಹಾಯವಾಣಿಯ ಹುಡುಗಿ.

ಆ ನಂಬರು ಹಾವೇರಿಯ ಮನೆಯಲ್ಲಿದ್ದ ಹೆಂಡತಿ ಸೋಮವ್ವನದು. (ರಜೆಯ ದಿನ ಕಚೇರಿಯ ಕಾಟ ತಪ್ಪಲೆಂದು ದುರಗಪ್ಪನವರೇ ಹೂಡಿದ್ದ ಮಹಾತಂತ್ರ.) ಖಾತೆ ಯಾರದೆಂದು ಹುಡುಗಿ ಕೇಳಿದ್ದಕ್ಕೆ ಸೋಮವ್ವ “ನಮ್ಮ ಮನಿಯವರು” ಎಂದಳಂತೆ. ಹೆಸರು ಹೇಳಿ ಎಂದರೆ “ನಮ್ಮ ಅಂಜಲಿ ಅಪ್ಪಾರು” ಎಂದಳಂತೆ. ಖಾತೆ ತೆರೆಯಲಿಲ್ಲ.

ದುರಗಪ್ಪನವರು ಮನೆಗೆ ಫೋನ್ ಹಚ್ಚಿ ಹರಿಹಾಯ್ದರು. “ನನ್ನ ಹೆಸರು ಹೇಳಾಕ ನಿನಗೇನು ಧಾಡಿ?”

“ಗಂಡನ ಹೆಸರು ಹಂಗ ಬಾಯಾಗ ತಗೀತಾರೇನ್ರಿ? ಆಯುಷ್ಯ ಕಡಿಮಿ ಆಗತೈತಿ.”

“ಹೇಳಲಿಲ್ಲ ಅಂದ್ರ ನೌಕರಿ ಆಯುಷ್ಯನ ಮುಗೀತೈತಿ, ಮಾರಾಯ್ತಿ.”

“ಬೇಕಾದ್ರ ಒಡಪು ಹಾಕಿ, ಪ್ರಾಸದಾಗ ಹೆಸರು ಸೇರಿಸಿ ಹೇಳತೇನಿ. ಮದುವ್ಯಾಗೂ ಹಂಗ ಹೇಳೇನಿ.”

“ಏನರ ಹಾಕು. ಹೆಸರು ಬಂದ್ರ ಸಾಕು.”

ಸಹಾಯವಾಣಿಯವರು ಮೂವರನ್ನೂ ಒಂದೇ ಕರೆಯಲ್ಲಿ ಕೂಡಿಸಿದರು. ಸಿಟ್ಟಿನ ಭರದಲ್ಲಿ ದುರಗಪ್ಪನವರ ಬೆರಳು ಸ್ಪೀಕರ್ ಒತ್ತಿದ್ದು ಅವರಿಗೇ ತಿಳಿಯಲಿಲ್ಲ. ಸೋಮವ್ವ ಗಂಟಲು ಸರಿಮಾಡಿಕೊಂಡು (ತಲೆಯ ಮೇಲೆ ಸೆರಗೂ ಹೊದ್ದಿರಬೇಕು) ರಾಗವಾಗಿ ಶುರುಮಾಡಿದಳು:

“ಕಚೇರ್ಯಾಗ ಹುಲಿಯಪ್ಪ, ಮನಿಗಿ ಬಂದ್ರ ಇಲಿಯಪ್ಪ,
ನನ್ನ ಸೀರಿ ಹಿಂಡಿ ಒಣಹಾಕವರು ದುರಗಪ್ಪ.”

ಇಡೀ ಕಚೇರಿಯಲ್ಲಿ ಟೈಪು ಮಾಡುವ ಸದ್ದು ನಿಂತುಹೋಯಿತು.

“ಹೆಸರು ಸರಿಹೋಯ್ತು ಸರ್, ಖಾತೆ ತೆರೆದಿದೆ. ಈ ಕರೆ ರೆಕಾರ್ಡ್ ಆಗಿದೆ” ಎಂದಳು ಹುಡುಗಿ, ನಗು ನುಂಗಿಕೊಂಡು. ಖಾತೆಯ ಬದಲು ಭೂಮಿಯೇ ಬಾಯಿ ತೆರೆಯಬಾರದಿತ್ತೇ ಎನಿಸಿತು ದುರಗಪ್ಪನವರಿಗೆ.

ತಲೆಯೆತ್ತಿದರೆ ಬಾಗಿಲಲ್ಲಿ ಅರುಣಾ ಮೇಡಂ ನಿಂತಿದ್ದರು. ಮುಖದಲ್ಲಿ ನಗುವಿನ ಸುಳಿವೇ ಇಲ್ಲ.

“ಅರ್ಜಿ ಲಗೂ ಕಳಿಸಿ ಮನಿಗಿ ನಡೀರಿ ದುರಗಪ್ಪನವರ. ಹಾವೇರಿ ಕಡೆ ಮೋಡ ಆಗೈತಿ, ಸೀರಿ ತೋಯ್ದಾವು.”