ಬಾವಿಗೆ ಇಳಿಯುವವರು ಹಗ್ಗ ಹಿಡಿದವರನ್ನು ನಂಬುವ ಕ್ರಮದ ಬಗ್ಗೆ

ತುರ್ತು ರಕ್ಷಣಾ ಉಪವಿಭಾಗ
(ಕಡೂರು, ತರೀಕೆರೆ, ಅಜ್ಜಂಪುರ)

ಸಂಖ್ಯೆ: ತುರಉ/ಬಾವಿ/ಹಗ್ಗ/ನಂಬಿಕೆ/4/2025-26

ವಿಷಯ: ನಂಬಿಕೆಯನ್ನು ಖಾಸಗಿಯಾಗಿ ಇಟ್ಟುಕೊಳ್ಳುವುದನ್ನು ನಿಷೇಧಿಸುವ ಬಗ್ಗೆ.

ಉಲ್ಲೇಖ: 1. ಹಗ್ಗ ಹಿಡಿಯುವ ಹಾಲೇಶ್ ಇವರನ್ನು ಕಡೂರಿನಿಂದ ಅಜ್ಜಂಪುರಕ್ಕೆ ವರ್ಗಾಯಿಸಿದ ಆದೇಶ.
2. ಪಂಚನಹಳ್ಳಿಯ ಈರಕ್ಕನವರು ಬಾವಿಕಟ್ಟೆಯ ಮೇಲೆ ನಿಂತು ನೀಡಿದ ಮೌಖಿಕ ದೂರು: "ನಮಸ್ಕಾರ ಹೊಡ್ಯೋಕೆ ನನ್ ಬಾವೀನೇ ಬೇಕಿತ್ತೇನಪ್ಪಾ?"

ಪ್ರಸ್ತಾವನೆ:

ಬಾವಿಗೆ ಇಳಿಯುವ ಸಿದ್ದೇಶ್ ಇವರು ಕೆಳಗಿರುವಷ್ಟು ಹೊತ್ತೂ ಹಾಲೇಶ್ ಮೇಲಿನಿಂದ "ಇದೀನಿ ಕಣೋ" ಎಂದು ಕೂಗುತ್ತಿದ್ದುದು ಗಮನಕ್ಕೆ ಬಂದಿದೆ. ಸದರಿ ಪದಗಳು ಯಾವ ಕೈಪಿಡಿಯಲ್ಲೂ ಕಂಡುಬಂದಿರುವುದಿಲ್ಲ. ಹಾಲೇಶ್ ವರ್ಗಾವಣೆಯ ನಂತರ ಹಗ್ಗವನ್ನು ರಾಜಶೇಖರ್ ಇವರಿಗೆ ವಹಿಸಲಾಯಿತು. ಕಳೆದ ವಾರ ಈರಕ್ಕನವರ ಕರು ಬಾವಿಗೆ ಬಿದ್ದು, ಸಿದ್ದೇಶ್ ಇಳಿಯುತ್ತಿರುವಾಗ ಕೆಳಸಹಿದಾರರ ಜೀಪು ಬಂದಿದೆ. ರಾಜಶೇಖರ್ ಹಗ್ಗ ಬಿಟ್ಟು ಎರಡೂ ಕೈ ಮುಗಿದಿರುತ್ತಾರೆ. ಅವರ ಶಿಸ್ತು ಶ್ಲಾಘನೀಯ. ನೀರು ಸೊಂಟದವರೆಗೆ ಮಾತ್ರ ಇದ್ದುದರಿಂದ ಸಿದ್ದೇಶ್ ಮತ್ತು ಕರು ಇಬ್ಬರೂ ಕ್ಷೇಮ, ಊರಿನವರು ಎತ್ತಿರುತ್ತಾರೆ.

ಅಂದಿನಿಂದ ಸಿದ್ದೇಶ್, "ಹಾಲೇಶಣ್ಣ ಹಿಡಿದ್ರೆ ಪಾತಾಳಕ್ಕೂ ಇಳೀತೀನಿ, ಬೇರೆಯೋರು ಹಿಡಿದ್ರೆ ಮೆಟ್ಲೂ ಇಳಿಯಲ್ಲ" ಎಂದು ಹಟ ಹಿಡಿದಿರುವುದರಿಂದ ಬಾವಿ ಕೆಲಸ ಪೂರ್ತಿ ನಿಂತಿದೆ. ಆದ್ದರಿಂದ ಈ ಮೂಲಕ ಸೂಚಿಸಲಾಗಿದೆ:

1. ನಂಬಿಕೆಯು ಇಲಾಖೆಯ ಸ್ವತ್ತು. ವರ್ಗಾವಣೆಯಾದವರು ತಮ್ಮ ಮೇಲಿನ ನಂಬಿಕೆಯನ್ನು ಟಾರ್ಚ್ ಸಮೇತ ಮುಂದಿನವರಿಗೆ ಚಾರ್ಜ್ ಕೊಡತಕ್ಕದ್ದು. ಹಾಲೇಶ್ ಟಾರ್ಚ್ ಮಾತ್ರ ಕೊಟ್ಟಿರುತ್ತಾರೆ.

2. ಬಾವಿಯೊಳಗೆ ನಂಬಿಕೆ ಕಡಿಮೆ ಬಿದ್ದಲ್ಲಿ, ಮೇಲೆ ಬಂದು ಲಿಖಿತ ಅರ್ಜಿ ಸಲ್ಲಿಸಿ ಮತ್ತೆ ಇಳಿಯತಕ್ಕದ್ದು.

3. ಹಗ್ಗ ಹಿಡಿದವರು ಮೇಲಧಿಕಾರಿಗಳಿಗೆ ಹುಬ್ಬಿನಿಂದ ವಂದಿಸತಕ್ಕದ್ದು. ಹಿರಿಯ ಅಧಿಕಾರಿಗಳಾದಲ್ಲಿ ಎರಡೂ ಹುಬ್ಬು.

4. "ಇದೀನಿ ಕಣೋ" ಬದಲಿಗೆ "ಸದರಿ ಹಗ್ಗವು ಸದರಿಯವರ ಸುಪರ್ದಿನಲ್ಲಿ ಇರುವುದಾಗಿ ದೃಢೀಕರಿಸಲಾಗಿದೆ" ಎಂದು ಕೂಗತಕ್ಕದ್ದು. ಕೆಳಗಿರುವವರು ಪೂರ್ತಿ ಕೇಳಿಸಿಕೊಂಡ ನಂತರವೇ ಗಾಬರಿಯಾಗಬಹುದು.

5. ಮೇಲ್ಕಂಡ ಕ್ರಮವು ಸುರಕ್ಷಿತವೆಂದು ತೋರಿಸಲು ಕೆಳಸಹಿದಾರರು ಈ ದಿನ ಅದೇ ಬಾವಿಗೆ ಖುದ್ದಾಗಿ ಇಳಿದಿರುತ್ತಾರೆ. ರಾಜಶೇಖರ್ ಎರಡನೇ "ಸದರಿ"ಗೆ ಬರುವಷ್ಟರಲ್ಲಿ ಇನ್ನೊಬ್ಬ ಅಧಿಕಾರಿಯ ಜೀಪು ಬಂದಿದೆ. ಕಂಡಿಕೆ 3ಕ್ಕೆ ಇನ್ನೂ ಸಹಿ ಬಿದ್ದಿರಲಿಲ್ಲವಾದ್ದರಿಂದ ರಾಜಶೇಖರ್ ಹಗ್ಗ ಬಿಟ್ಟು ವಂದನೆಗೆ ಕೈಗಳನ್ನೇ ಬಳಸಿರುತ್ತಾರೆ.

6. ಊರಿನವರು ಎಳೆಯಲು ಮುಂದೆ ಬಂದರೂ ಕೆಳಸಹಿದಾರರು ಒಪ್ಪಿರುವುದಿಲ್ಲ. ಕಂಡಿಕೆ 1, 2 ಮತ್ತು 4ನ್ನು ಹಾಗೂ ಹಾಲೇಶ್ ಅವರ ವರ್ಗಾವಣೆಯನ್ನು ಈ ಕ್ಷಣದಿಂದ ರದ್ದುಪಡಿಸಲಾಗಿದೆ. ಸಿಕ್ಕ ಗಾಡಿ ಹತ್ತಿ ಬರುವಂತೆ ಅವರಿಗೆ ಸಿದ್ದೇಶ್ ಮೂಲಕ ಫೋನ್ ಮಾಡಿಸಲಾಗಿದೆ.

7. ಹಾಲೇಶ್ ಬಂದು ಹಗ್ಗ ಹಿಡಿದು, "ಇದೀನಿ ಸಾಹೇಬ್ರೇ" ಎಂದಿರುತ್ತಾರೆ. ಅದನ್ನು ಕೇಳಿದ ಕೂಡಲೇ ಕೆಳಸಹಿದಾರರು ಬಾವಿಯ ಗೋಡೆಯಿಂದ ಎರಡೂ ಕೈ ತೆಗೆದು ಹಗ್ಗ ಹಿಡಿದಿರುವುದನ್ನು ದಾಖಲಿಸಲಾಗಿದೆ.

ಸಹಿ/- (ಒದ್ದೆ)
ಕಾಂತರಾಜ್
ಮೇಲ್ವಿಚಾರಣಾಧಿಕಾರಿ
ಸ್ಥಳ: ಈರಕ್ಕನವರ ಬಾವಿಯ ಒಳಗೆ, ಪಂಚನಹಳ್ಳಿ
(ಕೂಗಿ ಬರೆಸಿದ್ದು)

ಪ್ರತಿಗಳು:
1. ರಾಜಶೇಖರ್: ಹುಬ್ಬಿನ ಅಭ್ಯಾಸಕ್ಕಾಗಿ.
2. ಸಿದ್ದೇಶ್: ಹಟ ಮಂಜೂರಾಗಿದೆ.
3. ಈರಕ್ಕ: ನಗು ನಿಲ್ಲಿಸುವಂತೆ ಕೋರಿಕೆಯೊಂದಿಗೆ.
4. ಹಾಲೇಶ್: ನನ್ನನ್ನು ಮೇಲೆತ್ತಿದ ನಂತರ ಓದಿಕೊಳ್ಳತಕ್ಕದ್ದು.