ಅರಸೀಕೆರೆಯ ಕೊನೆಯ ವಿಡಿಯೋ ಗೇಮ್ ಅಂಗಡಿ

ವಿಡಿಯೋ ಗೇಮ್ ಅಂಗಡಿ ಇಟ್ಟವನ ಬಳಿಗೆ ಜನ ಆಟ ಆಡುವುದೊಂದನ್ನು ಬಿಟ್ಟು ಉಳಿದೆಲ್ಲ ಕೆಲಸಕ್ಕೂ ಬರುತ್ತಾರೆ. ಬಸ್ಸಿನ ವೇಳೆ ಕೇಳುತ್ತಾರೆ, ಚೀಲ ಇಟ್ಟು ಹೋಗುತ್ತಾರೆ, ಮಳೆ ನಿಲ್ಲುವವರೆಗೆ ನಿಲ್ಲುತ್ತಾರೆ. ಅರಸೀಕೆರೆ ಬಸ್ ನಿಲ್ದಾಣದ ಹತ್ತಿರ ನಾಲ್ಕು ಮಷಿನ್ ಇಟ್ಟುಕೊಂಡು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕೂತಿದ್ದವನು ನಾನು. ಒಂದು ಕಾಲದಲ್ಲಿ ಹುಡುಗರು ಸಾಲು ನಿಲ್ಲುತ್ತಿದ್ದರು. ಆಮೇಲೆ ಎಲ್ಲರ ಜೇಬಿಗೂ ಮೊಬೈಲ್ ಬಂತು.

ಮಳಿಗೆಯ ಮಾಲೀಕರು ಕೊಬ್ಬರಿ ವ್ಯಾಪಾರಿ. ಕಳೆದ ದಸರೆಗೆ ಮುಂಚೆ ಒಂದು ದಿನ ಬಂದು ನಿಂತು, "ಯುಗಾದಿ ತನಕ ನೋಡ್ತೀನಿ ಕಣ್ರೀ. ಜನ ಬಂದ್ರೆ ಇರಿ. ಇಲ್ಲಾಂದ್ರೆ ನನಗೆ ಮೂಟೆ ಇಡಾಕೆ ಜಾಗ ಬೇಕು" ಅಂದರು. ನನಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಆಗಲಿ ಅಂದೆ.

ಪ್ಲಗ್ ಪಾಯಿಂಟ್

ಮಾರನೆಯ ವಾರವೇ ಮಾಲೀಕರು ರಸ್ತೆಯ ಆಚೆಯಿಂದ ಅಂಗಡಿಯೊಳಗೆ ಆರು ಜನ ಕಾಲೇಜು ಹುಡುಗರನ್ನು ಕಂಡರು. ಖುಷಿಯಾಗಿ ಒಳಗೆ ಬಂದರು. ಆರೂ ಜನ ಮಷಿನ್‌ಗಳಿಗೆ ಬೆನ್ನು ಹಾಕಿ, ಗೋಡೆಯ ಪ್ಲಗ್ಗಿಗೆ ಮೊಬೈಲ್ ಸಿಕ್ಕಿಸಿಕೊಂಡು ತಮ್ಮ ತಮ್ಮ ಆಟ ಆಡುತ್ತಿದ್ದರು.

ಮಾಲೀಕರು ನನ್ನ ಮುಖ ನೋಡಿದರು. ನಾನು ಬೀದಿ ನೋಡಿದೆ.

ಅಷ್ಟರಲ್ಲಿ ಒಬ್ಬ ಹುಡುಗ ತಲೆ ಎತ್ತಿ, "ಅಂಕಲ್, ನಿಮ್ಮ ಮಷಿನ್ ಸೌಂಡ್ ಸ್ವಲ್ಪ ಕಮ್ಮಿ ಮಾಡ್ತೀರಾ? ಇಲ್ಲಿ ನಾವು ಗೇಮ್ ಆಡ್ತಾ ಇದೀವಿ" ಅಂದ.

ಹಣೆಗೆ ವಿಭೂತಿ

ಆಯುಧಪೂಜೆಯ ದಿನ ನಾಲ್ಕೂ ಮಷಿನ್ ಒರೆಸಿ, ಮೂರು ಪಟ್ಟೆ ವಿಭೂತಿ ಎಳೆದು, ಚೆಂಡುಹೂವಿನ ಹಾರ ಹಾಕಿದ್ದೆ. ಊದುಬತ್ತಿ ಹೊಗೆಯಾಡುತ್ತಿತ್ತು. ಬಸ್ಸಿಗೆ ಕಾಯುತ್ತಿದ್ದ ಕಣಕಟ್ಟೆ ಕಡೆಯ ಅಜ್ಜಿಯೊಬ್ಬರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಕುಸ್ತಿ ಆಟದ ಮಷಿನ್ ಮುಂದೆ ಕೈಮುಗಿದು, "ಮೊಮ್ಮಗಳಿಗೆ ಎರಡು ಸಂಬಂಧ ಬಂದೈತೆ. ಯಾವ್ದು ಅಂತ ನೀನೇ ತೋರ್ಸಪ್ಪ" ಎಂದು ಬೇಡಿಕೊಂಡು, ನಾಣ್ಯ ಹಾಕುವ ಸಂದಿಗೆ ಐದು ರೂಪಾಯಿ ಹಾಕಿದರು.

ಪರದೆ ಬೆಳಗಿತು. ಇಬ್ಬರು ಗಂಡಸರು ಬಂದು ಎದುರುಬದುರು ನಿಂತರು.

ಅಜ್ಜಿ ಮುಗಿದ ಕೈ ಇಳಿಸದೆ ನೋಡಿದರು. ಗುಂಡಿ ಒತ್ತುವವರಿಲ್ಲದೆ ಒಬ್ಬ ಸುಮ್ಮನೆ ನಿಂತು ಏಟು ತಿಂದು ಬಿದ್ದ. ಕರಿ ಅಂಗಿಯವನು ಗೆದ್ದ.

"ಬಾಣಾವರದ ಹುಡ್ಗನೂ ಕರಿ ಅಂಗೀಲೇ ಬಂದಿದ್ದ" ಅಂದರು ಅಜ್ಜಿ.

"ಅಜ್ಜಿ, ಇದು ಬರೀ ಆಟ" ಅಂದೆ.

"ಎಲ್ಲಾ ಅವನ ಆಟಾನೇ ಕಣಪ್ಪ" ಎಂದು ಕೆನ್ನೆ ಬಡಿದುಕೊಂಡು ಹೋದರು. ಎರಡು ತಿಂಗಳಾದ ಮೇಲೆ ಮದುವೆ ಕಾಗದ ತಂದರು. ನಾನು ಕೈ ಚಾಚಿದರೆ, "ತಡೀರಿ, ಮೊದ್ಲು ಅದರ ಮುಂದೆ ಇಕ್ಕಿ" ಅಂದರು.

ಕೈ ತೋರಿಸಿದವರು

ಹಳೇಬೀಡಿನ ಮೇಲೆ ಬೇಲೂರಿಗೆ ಬಸ್ ಓಡಿಸುವ ಚಾಲಕರೊಬ್ಬರು ಮುಂದಿನ ಟ್ರಿಪ್ಪಿಗೆ ಹೊತ್ತಿದೆಯೆಂದು ಒಳಗೆ ಬಂದು ಕಾರ್ ರೇಸಿನ ಸೀಟಿನಲ್ಲಿ ಕೂತರು. ದುಡ್ಡು ಕೊಟ್ಟು ಆಡುವವರು ಸಿಕ್ಕಿ ಹದಿನೈದು ದಿನವಾಗಿತ್ತು. ನಾನು ಫ್ಯಾನ್ ಹಾಕಿದೆ.

ಚೆನ್ನಾಗಿಯೇ ಹೊರಟರು. ಮೊದಲ ತಿರುವಿನಲ್ಲಿ ಬ್ರೇಕ್ ಹಾಕಿ ನಿಂತುಬಿಟ್ಟರು. ಬೇರೆ ಕಾರುಗಳೆಲ್ಲ ಮುಂದೆ ಹೋದವು.

"ಯಾಕೆ ಸಾರ್ ನಿಲ್ಲಿಸಿದ್ರಿ?"

"ಕೈ ತೋರಿಸ್ತಾವ್ರಲ್ಲ" ಎಂದು ರಸ್ತೆಬದಿ ನಿಂತ ಬೊಂಬೆಗಳನ್ನು ತೋರಿಸಿದರು.

"ಅವರು ರೇಸ್ ನೋಡೋಕೆ ಬಂದವರು."

"ಯಾರಾದ್ರೂ ಆಗ್ಲಿ. ಮೊನ್ನೆ ಮಾದಿಹಳ್ಳೀಲಿ ಒಬ್ಬರಿಗೆ ನಿಲ್ಲಿಸಲಿಲ್ಲ ಅಂತ ದೂರು ಹೋಗೈತೆ. ಅಭ್ಯಾಸ ತಪ್ಪಬಾರದು."

ಮೂರು ಕಡೆ ನಿಂತರು. ಸಮಯ ಮುಗಿಯಿತು, ಕಡೆಯ ಸ್ಥಾನ ಬಂತು. ಅವರು ಎದ್ದು, ಗೆದ್ದ ಕಾರನ್ನು ಒಮ್ಮೆ ನೋಡಿ ಹೇಳಿದರು: "ಖಾಲಿ ಗಾಡಿ ಯಾರು ಬೇಕಾದ್ರೂ ಓಡಿಸ್ತಾರೆ."

ಮಾಲೀಕರ ಕೈ

ಯುಗಾದಿಗೆ ಮೂರು ವಾರ ಇತ್ತು. ಎಷ್ಟು ಮೂಟೆ ಹಿಡಿಯುತ್ತದೆಂದು ನೋಡಲು ಮಾಲೀಕರು ಅಳತೆ ಟೇಪ್ ಹಿಡಿದು ಬಂದರು. ಗೋಡೆಯಿಂದ ಗೋಡೆಗೆ ಅಳೆಯುವಾಗ ಕುಸ್ತಿ ಮಷಿನ್ ಅಡ್ಡ ಬಂತು.

"ಇದ್ರಲ್ಲಿ ಅಂಥದ್ದೇನೈತೆ?" ಅಂದರು.

ಇಬ್ಬರು ಆಡುವ ಆಟ. ಅವರ ಜೊತೆ ನಾನೇ ನಿಂತೆ. ಮಾಲೀಕರಿಗೆ ಯಾವ ಗುಂಡಿ ಯಾವುದಕ್ಕೆಂದು ಗೊತ್ತಿಲ್ಲ. ಕಣದಲ್ಲಿ ಕೊಬ್ಬರಿ ಹರವುವ ಹಾಗೆ ಅಂಗೈಯನ್ನು ಎಲ್ಲ ಗುಂಡಿಗಳ ಮೇಲೂ ಆಡಿಸಿದರು. ನನ್ನ ಕುಸ್ತಿಪಟು ಅರ್ಧ ನಿಮಿಷದಲ್ಲಿ ನೆಲಕ್ಕೆ ಬಿದ್ದ.

"ಬೇಕೂಂತ ಸೋತ್ರಾ?"

"ಇಲ್ಲ. ನಾನು ಯಾವತ್ತೂ ಆಡಿಲ್ಲ."

"ಇಷ್ಟು ವರ್ಷದಲ್ಲಿ ಒಂದು ಸಲಾನೂ?"

"ನೀವು ದಿನಾ ಕೊಬ್ಬರಿ ತಿಂತೀರಾ?"

ಅವರು ಯೋಚಿಸಿ, ಟೇಪ್ ಸುತ್ತಿ ಜೇಬಿಗೆ ಹಾಕಿಕೊಂಡು, "ಇನ್ನೊಂದು ಆಡೋಣ" ಅಂದರು.

ಮಾರನೆಯ ದಿನದಿಂದ ಊಟವಾದ ಮೇಲೆ ತಪ್ಪದೆ ಬಂದರು. ಖಾಲಿ ಮಾಡುವ ಮಾತು ನಿಂತಿತು. ನಾನು ದಿನಾ ಸೋಲುತ್ತಿದ್ದೆ. ಅದಕ್ಕಾಗಿ ಏನೂ ಕಷ್ಟಪಡಬೇಕಿರಲಿಲ್ಲ. ಅಂಗಡಿ ಉಳಿಯಿತು ಅಂದುಕೊಂಡೆ.

ಯುಗಾದಿಗೆ ಎರಡು ದಿನ ಮುಂಚೆ ಮಾಲೀಕರ ಹೆಂಡತಿ ಬಾಗಿಲಲ್ಲಿ ಬಂದು ನಿಂತರು. ಗಂಡ ಮಧ್ಯಾಹ್ನವೆಲ್ಲ ಮಠದಲ್ಲಿ ಕೂತಿರುತ್ತಾರೆಂದು ನಂಬಿದ್ದರಂತೆ. ಮಾಲೀಕರು ತಿರುಗಿ ನೋಡದೆ, "ಒಂದೇ ಒಂದು ನಿಮಿಷ, ಇವ್ರು ಸಾಯ್ತಾವ್ರೆ" ಅಂದರು.

ಆಕೆ ನನ್ನ ಕಡೆ ತಿರುಗಿದರು. "ಯಾರೂ ಬರಲ್ಲ ಅಂತ ಇವ್ರು ಖಾಲಿ ಮಾಡಿಸ್ತೀನಿ ಅಂದಿದ್ರು. ಇವ್ರು ಬತ್ತಾರೆ ಅಂತ ನಾನು ಖಾಲಿ ಮಾಡಿಸ್ತೀನಿ. ಮಳಿಗೆ ನನ್ನ ಹೆಸರಲ್ಲೈತೆ."

ಮಾರನೆಯ ದಿನ ಮೂರು ಮಷಿನ್ ಗುಜರಿಯವನು ಒಯ್ದ. ನಾಲ್ಕನೆಯದು, ಆ ಕುಸ್ತಿ ಮಷಿನ್ ಎತ್ತುವಾಗ ಮಾಲೀಕರು ಅಡ್ಡ ನಿಂತರು. ಗಂಡ ಹೆಂಡತಿ ನಡುವೆ ಒಂದು ಗಂಟೆ ಮಾತುಕತೆ ನಡೆದು, ಕಣ್ಣೆದುರಿಗೇ ಇರಲಿ ಎಂದು ಆಕೆ ಅದನ್ನು ಮನೆಯ ಪಡಸಾಲೆಗೆ ಸಾಗಿಸಲು ಒಪ್ಪಿದರು.

ಮಷಿನ್ ಹೇರಿದ ಗಾಡಿ ಹೊರಡುವುದರಲ್ಲಿತ್ತು. ಮಾಲೀಕರು ಹಿಂದಿನಿಂದ ನನ್ನ ತೋಳು ಹಿಡಿದು, "ನೀವೂ ಹತ್ಕಳಿ" ಅಂದರು.

"ನಾನ್ಯಾಕೆ?" ಅಂದೆ.

ಉತ್ತರ ಅವರು ಹೆಂಡತಿಗೆ ಕೊಟ್ಟರು. "ಈ ವಯಸ್ಸಲ್ಲಿ ಇವ್ರಷ್ಟು ಚೆನ್ನಾಗಿ ಸೋಲೋರು ನನಗೆ ಇನ್ನೆಲ್ಲಿ ಸಿಕ್ತಾರೆ? ದಿನಾ ಮಧ್ಯಾಹ್ನ ಇವ್ರಿಗೂ ಒಂದು ಎಲೆ ಹಾಕು."